ನೆರಳೆಂದರೆ ಬರೀ ಕಪ್ಪಲ್ಲ

ಕಳೆದ ತಿಂಗಳು ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಅವರ ಮಗ ಕಂಪ್ಯೂಟರಿನಲ್ಲಿ ತಾನು ಬರೆದ ಚಿತ್ರವೊಂದನ್ನು ತೋರಿಸಿದ. ಮೇಜಿನ ಮೇಲೆ ಹಿತ್ತಾಳೆಯ ತಂಬಿಗೆ, ಪಕ್ಕದಲ್ಲಿ ಒಂದು ಟೊಮೆಟೊ. ರೇಖೆಗಳು ಚೊಕ್ಕವಾಗಿದ್ದವು. ಆದರೆ ಎರಡೂ ವಸ್ತುಗಳು ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿದ್ದವು. ‘ನೆರಳೂ ಹಾಕಿದ್ದೇನೆ, ಹೊಳಪೂ ಕೊಟ್ಟಿದ್ದೇನೆ. ಆದರೂ ಉಬ್ಬಿ ಕಾಣುತ್ತಿಲ್ಲ’ ಎಂದು ಹುಡುಗ ಪೇಚಾಡಿಕೊಂಡ. ಮೌಸ್ ಬಿಟ್ಟು ಪೆನ್ ಟ್ಯಾಬ್ಲೆಟ್ ಕೊಂಡರೆ ಎಲ್ಲ ಸರಿಹೋಗುತ್ತದೆಂಬುದು ಅವನ ನಂಬಿಕೆ. ಅದಕ್ಕೆ ಸಾವಿರಾರು ರೂಪಾಯಿ ಹಾಕಬೇಕೇ ಎಂಬುದು ತಾಯಿಯ ಚಿಂತೆ.

ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಟೊಮೆಟೊ ಮೇಲೆ ಬೆಳಕು ಎಡದಿಂದ ಬಿದ್ದಿತ್ತು, ತಂಬಿಗೆಯ ಮೇಲೆ ಬಲದಿಂದ! ನೆರಳೆಲ್ಲ ಒಂದೇ ಕಪ್ಪು, ಹೊಳಪೆಲ್ಲ ಒಂದೇ ಬಿಳಿ. ಇದು ಮೌಸಿನ ತಪ್ಪಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ಮೊದಲು ಬೆಳಕಿನ ದಿಕ್ಕನ್ನು ನಿರ್ಧರಿಸಿ. ಬೇರೆ ಲೇಯರ್ ಒಂದರಲ್ಲಿ ಬಾಣದ ಗುರುತು ಹಾಕಿಕೊಳ್ಳಿ. ಚಿತ್ರ ಮುಗಿದ ಮೇಲೆ ಅದನ್ನು ಅಳಿಸಿದರಾಯಿತು.

ನೆರಳಿನಲ್ಲಿ ಎರಡು ಬಗೆ. ವಸ್ತುವಿನ ಮೈಮೇಲೆಯೇ ಬೆಳಕು ತಾಗದ ಭಾಗ ಒಂದು. ಆ ವಸ್ತು ನೆಲದ ಮೇಲೆ ಚೆಲ್ಲುವ ನೆರಳು ಇನ್ನೊಂದು. ಗುಂಡನೆಯ ವಸ್ತುವಿನಲ್ಲಿ ಮೊದಲನೆಯದರ ಅಂಚು ಮೆಲ್ಲಗೆ ಕರಗುತ್ತದೆ. ಎರಡನೆಯದು ವಸ್ತು ನೆಲಕ್ಕೆ ತಾಗಿದಲ್ಲಿ ಗಾಢವಾಗಿ, ಚೂಪಾಗಿರುತ್ತದೆ; ದೂರ ಸರಿದಂತೆ ಅಂಚು ಮಸುಕಾಗುತ್ತದೆ. ಕಾರಣ ಸರಳ. ಸೂರ್ಯ ನಮಗೆ ಚುಕ್ಕೆಯಾಗಿ ಕಾಣುವುದಿಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆಯಾಗಿ ಕಾಣುತ್ತಾನೆ. ಹೀಗಾಗಿ ಬಿಸಿಲಿಗೆ ಎದುರಾಗಿ ಹಿಡಿದ ಹಲಗೆಯ ಮೇಲೆ, 1 ಮೀಟರ್ ದೂರದ ವಸ್ತುವಿನ ನೆರಳಿನ ಅಂಚು ಸುಮಾರು 9 ಮಿಲಿಮೀಟರ್‌ನಷ್ಟು ಮಸುಕಾಗುತ್ತದೆ. ಶಾಲೆಯ ಧ್ವಜಸ್ತಂಭದ ನೆರಳನ್ನು ಬುಡದಿಂದ ತುದಿಯವರೆಗೆ ಗಮನಿಸಿ, ತಿಳಿಯುತ್ತದೆ.

ಇನ್ನು ಬಣ್ಣ. ನೆರಳಿನ ಜಾಗಕ್ಕೂ ಸ್ವಲ್ಪ ಬೆಳಕು ಬಂದೇ ಬರುತ್ತದೆ. ಬಿಸಿಲಿನ ದಿನ ಅದು ಹೆಚ್ಚಾಗಿ ನೀಲಿ ಆಕಾಶದಿಂದ ಬರುವುದರಿಂದ ನೆರಳಿಗೆ ನೀಲಿ ಛಾಯೆ ಇರುತ್ತದೆ. ಟೊಮೆಟೊ ಪಕ್ಕದ ತಂಬಿಗೆಯ ಮೈಮೇಲೆ ಕೆಂಪು ಕಾಣಿಸಿಕೊಳ್ಳುತ್ತದೆ. ಬರೀ ಕಪ್ಪು ಬಳಿದರೆ ಇವೆಲ್ಲ ಮುಚ್ಚಿಹೋಗುತ್ತವೆ.

ಕಂಪ್ಯೂಟರಿನಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ. ಕ್ರಿಟಾ, ಗಿಂಪ್ ಎಂಬ ಉಚಿತ ತಂತ್ರಾಂಶಗಳಲ್ಲಿ ಚಿತ್ರದ ಮೇಲೆ ಹೊಸ ಲೇಯರ್ ತೆರೆದು, ಅದನ್ನು ‘ಮಲ್ಟಿಪ್ಲೈ’ಗೆ ಬದಲಿಸಿ, ತಿಳಿಯಾದ ನೀಲಿ ಮಿಶ್ರಿತ ಬೂದು ಬಣ್ಣದಿಂದ ನೆರಳು ಬಳಿಯಿರಿ. ಮಲ್ಟಿಪ್ಲೈ ಎಂದರೆ ನಿಜಕ್ಕೂ ಗುಣಾಕಾರವೇ. ಕಂಪ್ಯೂಟರಿಗೆ ಪ್ರತಿ ಬಣ್ಣದ ಅಂಶವೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಟೊಮೆಟೊದ ಕೆಂಪಿನ ಅಂಶ 200, ನೆರಳಿನದು 128 ಎಂದುಕೊಳ್ಳಿ. 200ನ್ನು 128ರಿಂದ ಗುಣಿಸಿ 255ರಿಂದ ಭಾಗಿಸಿದರೆ ಸುಮಾರು 100. ಕೆಂಪು ಮುಚ್ಚಿಹೋಗಲಿಲ್ಲ, ಅರ್ಧಕ್ಕೆ ಇಳಿಯಿತು, ಅಷ್ಟೇ.

ಹೊಳಪಿಗೆ ಹೀಗೆಯೇ ‘ಸ್ಕ್ರೀನ್’ ಎಂಬ ಲೇಯರ್ ಬಳಸಬಹುದು. ಆದರೆ ಎಲ್ಲ ಹೊಳಪೂ ಬಿಳಿಯಲ್ಲ. ಟೊಮೆಟೊ ಸಿಪ್ಪೆಯ ಮೇಲಿನ ಹೊಳಪು ದೀಪದ ಬಣ್ಣದ್ದು. ಹಿತ್ತಾಳೆಯ ಹೊಳಪಿನಲ್ಲಿ ಲೋಹದ ಹಳದಿಯೂ ಬೆರೆತಿರುತ್ತದೆ. ಆ ಹಳದಿ ಇಲ್ಲದಿದ್ದರೆ ತಂಬಿಗೆ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಹಾಗೆಯೇ ತಂಬಿಗೆಯನ್ನು ನೋಡುತ್ತ ತಲೆಯನ್ನು ಅತ್ತಿತ್ತ ಸರಿಸಿ. ಹೊಳಪಿನ ಚುಕ್ಕೆ ನಿಮ್ಮೊಂದಿಗೆ ಜಾರುತ್ತದೆ, ನೆಲದ ಮೇಲಿನ ನೆರಳು ಕದಲುವುದಿಲ್ಲ. ಆದ್ದರಿಂದ ಹೊಳಪು ಹಾಕುವಾಗ ಬೆಳಕು ಎಲ್ಲಿದೆ ಎಂಬುದರ ಜೊತೆಗೆ ನೋಡುವವರು ಎಲ್ಲಿದ್ದಾರೆ ಎಂಬುದನ್ನೂ ಯೋಚಿಸಬೇಕು.

ಪೋಷಕರಿಗೆ ಒಂದು ಮಾತು. ನೆರಳು ನೋಡುವ ಅಭ್ಯಾಸ ಕಾಲಹರಣವಲ್ಲ. ಗೆಲಿಲಿಯೊ 1609ರಲ್ಲಿ ದೂರದರ್ಶಕದಿಂದ ಚಂದ್ರನನ್ನು ನೋಡಿ, ಅಲ್ಲಿನ ನೆರಳು ಬೆಳಕುಗಳ ಚಿತ್ರ ಬರೆದ. ಅವುಗಳಿಂದಲೇ ಚಂದ್ರನ ಮೇಲೆ ಬೆಟ್ಟಗಳೂ ತಗ್ಗುಗಳೂ ಇವೆಯೆಂದು ತರ್ಕಿಸಿ 1610ರಲ್ಲಿ ಪುಸ್ತಕ ಪ್ರಕಟಿಸಿದ. ಪೆನ್ ಟ್ಯಾಬ್ಲೆಟ್ ಬೇಡವೆಂದಲ್ಲ. ಕೈಯ ಒತ್ತಡಕ್ಕೆ ತಕ್ಕಂತೆ ಗೆರೆ ಮೂಡಿಸುವ ಒಳ್ಳೆಯ ಸಾಧನ ಅದು. ಆದರೆ ಬೆಳಕು ಎಲ್ಲಿಂದ ಬಂತು ಎಂದು ಅದು ಹೇಳಿಕೊಡುವುದಿಲ್ಲ.

ಆ ಸಂಜೆ ನಾವು ಕೋಣೆಯ ದೀಪ ಆರಿಸಿ, ನಿಜವಾದ ತಂಬಿಗೆ ಟೊಮೆಟೊಗಳನ್ನೇ ಮೇಜಿನ ಮೇಲಿಟ್ಟು ಎಡಗಡೆಯಿಂದ ಟಾರ್ಚ್ ಬಿಟ್ಟೆವು. ಹುಡುಗ ಹತ್ತು ನಿಮಿಷ ಸುಮ್ಮನೆ ನೋಡಿದ. ಆಮೇಲೆ ಅದೇ ಹಳೆಯ ಮೌಸಿನಿಂದ ನೆರಳನ್ನೆಲ್ಲ ಅಳಿಸಿ ಮತ್ತೆ ಬರೆದ. ಮೊನ್ನೆ ಚಿತ್ರ ಕಳಿಸಿದ್ದಾನೆ. ತಂಬಿಗೆ ಈಗ ಮೇಜಿನ ಮೇಲೆ ಕೂತಿದೆ. ಟ್ಯಾಬ್ಲೆಟ್ ಬೇಸಿಗೆ ರಜೆಯವರೆಗೆ ಕಾಯಬಹುದಂತೆ. ಹಾಗೆಂದು ಹೇಳಿದವನು ಅವನೇ.