ಕುಡಿತ ಬಿಡುವವರ ಸಭೆಗೆ ನಮ್ಮವರೂ ಹೋಗಲಿ

"ಡಾಕ್ಟ್ರೇ, ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಕೊಡೋ ಪುಡಿ ಏನಾದರೂ ಇದೆಯಾ?" ದವಾಖಾನೆಯಲ್ಲಿ ಈ ಪ್ರಶ್ನೆ ನನಗೆ ಹೊಸದಲ್ಲ. ಬರುವುದು ಮೊಣಕಾಲು ನೋವಿನ ನೆಪದಲ್ಲಿ. ಚೀಟಿ ಬರೆದಾದ ಮೇಲೆ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಗುಟ್ಟಾಗಿ ಕೊಟ್ಟು ಕುಡಿತ ಬಿಡಿಸುವ ಪುಡಿ ಯೂನಾನಿಯಲ್ಲಿಲ್ಲ. ಜಾಹೀರಾತು ನೋಡಿ ತರಿಸುವ ಪೊಟ್ಟಣದಲ್ಲಿ ಏನಿದೆಯೆಂದು ಹೇಳುವವರಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆಯನ್ನು ತಿಳಿಸದೆ ಕೊಟ್ಟು, ಅದರ ಮೇಲೆ ಆತ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಯಕೃತ್ತಿನ ತೊಂದರೆಗೆ ನಾವು ಗಣಿಕೆ ಸೊಪ್ಪಿನಿಂದ ಇಳಿಸಿದ ಅರ್ಕ್ ಮಕೋ ಕೊಡುವುದುಂಟು. ಆದರೆ ಸಂಜೆ ಏಳಕ್ಕೆ ಬಾರಿನ ಕಡೆ ತಿರುಗುವ ಕಾಲನ್ನು ಯಾವ ಅರ್ಕವೂ ತಡೆಯದು.

ಆ ಹೊತ್ತಿಗೆ ಹೋಗಲು ಬೇರೊಂದು ಜಾಗ ಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆ ಅಂಥದೊಂದು ಜಾಗ. ನಮ್ಮ ಮನೆಗಳು ಅದರಿಂದ ದೂರ ಉಳಿದಿರುವುದು ಸರಿಯಲ್ಲ.

ರಮಝಾನ್ ತಿಂಗಳನ್ನೇ ನೋಡಿ. ವರ್ಷವಿಡೀ ಕುಡಿಯುವ ಎಷ್ಟೋ ಮಂದಿ ಆ ತಿಂಗಳು ಮುಟ್ಟುವುದಿಲ್ಲ. ಈದ್ ಕಳೆದ ವಾರದಲ್ಲೇ ಮತ್ತೆ ಶುರು. ಮನೆಯವರು "ಮನಸ್ಸು ಗಟ್ಟಿ ಇಲ್ಲ" ಎನ್ನುತ್ತಾರೆ. ಗಟ್ಟಿ ಇಲ್ಲದಿದ್ದರೆ ಮೂವತ್ತು ದಿನ ಹೇಗಿದ್ದ? ಆ ತಿಂಗಳಲ್ಲಿ ಇಫ್ತಾರ್, ತರಾವೀಹ್, ಪಕ್ಕದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಜನ, ಇವೆಲ್ಲ ಸಂಜೆಯನ್ನು ತುಂಬಿದ್ದವು. ಶವ್ವಾಲ್ ಬಂದಾಗ ಸಂಜೆ ಖಾಲಿಯಾಯಿತು, ಹಳೆಯ ಗೆಳೆಯರು ಮಾತ್ರ ಉಳಿದರು.

ಎ.ಎ. ಶುರುವಾದದ್ದೂ ಇಂಥ ಒಂಟಿ ಸಂಜೆಗಳಿಂದಲೇ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಭೇಟಿಯಾದರು. ಇಬ್ಬರೂ ಕುಡಿತದಲ್ಲಿ ಮುಳುಗಿ ಎದ್ದವರು. ಇನ್ನೊಬ್ಬ ಕುಡುಕನ ಜೊತೆ ಮನಬಿಚ್ಚಿ ಮಾತಾಡಿದರೆ ಆ ದಿನ ದಾಟುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಇಂದಿಗೂ ಸಭೆಯಲ್ಲಿ ನಡೆಯುವುದು ಅಷ್ಟೇ. ಸೇರಲು ಕುಡಿತ ನಿಲ್ಲಿಸುವ ಆಸೆಯೊಂದೇ ಷರತ್ತು. ಶುಲ್ಕವಿಲ್ಲ, ಮನೆತನದ ಹೆಸರು ಕೇಳುವವರಿಲ್ಲ. ಹೊಸಬ ಬಾಯಿ ಬಿಡದೆ ಕೇಳಿಸಿಕೊಂಡು ಎದ್ದು ಬರಬಹುದು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಕುಡಿಯದೆ ಉಳಿಯುವ ವಿಷಯದಲ್ಲಿ ಈ ದಾರಿ ಇತರ ಮನೋಚಿಕಿತ್ಸೆಗಳಿಗೆ ಸಮ ಅಥವಾ ಅವುಗಳಿಗಿಂತ ಮೇಲು ಎಂದು ಕಂಡುಬಂತು.

"ಅದು ಚರ್ಚಿನ ಕೋಣೆಯಲ್ಲಿ ನಡೆಯುತ್ತದಲ್ಲ?" ಎಂಬ ಅಳುಕು ನಮ್ಮಲ್ಲಿದೆ. ಹಲವು ಕಡೆ ಹೌದು, ಕೆಲವು ಕಡೆ ಶಾಲೆಯ ಕೋಣೆ. ಜಾಗ ಸಿಕ್ಕಿದಲ್ಲಿ ಸೇರುತ್ತಾರೆ, ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ದೇವರನ್ನು ಅವರವರು ಅರಿತಂತೆ ನೆನೆಯಲು ಅಲ್ಲಿ ಎಡೆಯಿದೆ. ಕೊನೆಯ ಪ್ರಾರ್ಥನೆಯ ಹೊತ್ತಿಗೆ ನಮ್ಮವನು ಸುಮ್ಮನಿದ್ದು ಮನಸ್ಸಿನಲ್ಲೇ ದುಆ ಮಾಡಿಕೊಳ್ಳಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1989ರಲ್ಲಿ ಮುಸ್ಲಿಮರೇ ಇದೇ ಹನ್ನೆರಡು ಮೆಟ್ಟಿಲುಗಳನ್ನು ಇಸ್ಲಾಮಿನ ನೆಲೆಯಲ್ಲಿ ಹೊಂದಿಸಿ 'ಮಿಲ್ಲತಿ ಇಸ್ಲಾಮಿ' ಎಂಬ ಕೂಟ ಕಟ್ಟಿದ್ದಾರೆ.

ನಿಜವಾದ ತಡೆ ಚರ್ಚಿನ ಗೋಡೆಯಲ್ಲ, ನಮ್ಮ ನಾಲಿಗೆ. ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕುಡಿತಕ್ಕಾಗಿ ಮತ್ತೆ ಶಿಕ್ಷೆಗೊಳಗಾದ ಒಬ್ಬರನ್ನು ಅಲ್ಲಿದ್ದವರಲ್ಲೊಬ್ಬರು ಶಪಿಸಿದಾಗ ಪ್ರವಾದಿ(ಸ)ಯವರು ತಡೆದರು, ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಹೇಳಿದರು ಎಂದು ಬುಖಾರಿಯಲ್ಲಿದೆ. ನಾವಾದರೋ ಮಗಳ ನಿಕಾಹ್ ತಪ್ಪೀತೆಂದು ತಂದೆಯ ಕಾಯಿಲೆಯನ್ನು ಹತ್ತು ವರ್ಷ ಮುಚ್ಚಿಡುತ್ತೇವೆ.

ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು, ರಮಝಾನಿನಲ್ಲೂ ಅಷ್ಟೇ. ಮೊದಲ ಎರಡು ಮೂರು ದಿನಗಳಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದನ್ನು ಕಾಣುವ ಭ್ರಮೆ ಬರಬಹುದು, ಪ್ರಾಣ ಹೋಗಲೂಬಹುದು. ಇದಕ್ಕೆ ಆಸ್ಪತ್ರೆಯೇ ಬೇಕು, ನನ್ನ ದವಾಖಾನೆ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ದೂರದವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ.

ಸಭೆ ಎಲ್ಲಿದೆಯೆಂದು ಆ ವೈದ್ಯರನ್ನೇ ಕೇಳಿ. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತ. ಹೋಗುವ ಮುಂಚೆ ಫೋನ್ ಮಾಡಿ, ಕನ್ನಡದಲ್ಲಿ ನಡೆಯುತ್ತದೆಯೇ, ತೆರೆದ ಸಭೆಯೇ ಎಂದು ವಿಚಾರಿಸಿ. ತೆರೆದ ಸಭೆಯಲ್ಲಿ ಮನೆಯವರೂ ಕೂರಬಹುದು, ಮುಚ್ಚಿದ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಸ್ವಂತ ಊರಿನಲ್ಲಿ ಮುಖ ತೋರಿಸಲು ನಾಚಿಕೆಯಾದರೆ ಪಕ್ಕದ ಊರಿನದಕ್ಕೆ ಹೋಗಲಿ, ಬಸ್ ಚಾರ್ಜು ಬಾಟಲಿಗಿಂತ ಅಗ್ಗ. ಮೊದಲ ದಿನ ಹಿಡಿಸದಿದ್ದರೆ ಇನ್ನೊಂದು ಗುಂಪು ನೋಡಲಿ. ಆತ ಹೋಗಲು ಒಪ್ಪದಿದ್ದರೂ ಹೆಂಡತಿ ಕಾಯಬೇಕಿಲ್ಲ. ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಬೇರೆ ಸಭೆಯಿದೆ. ಸಾರಿನ ಪುಡಿ ಕೇಳಿ ಬರುವ ತಂಗಿಯರಿಗೆ ನಾನು ಬರೆದುಕೊಡುವುದು ಅದರ ಹೆಸರನ್ನು.

ಜಮಾಅತ್ ಕಮಿಟಿಗಳಿಗೂ ಒಂದು ಕೋರಿಕೆ. ಇಶಾ ನಂತರ ಮದ್ರಸದ ಒಂದು ಕೋಣೆಯನ್ನು ವಾರಕ್ಕೊಂದು ದಿನ ಇಂಥ ಗುಂಪಿಗೆ ಬಿಟ್ಟುಕೊಡಿ. ಹೊರಗಿನವರ ದೇಣಿಗೆ ಪಡೆಯುವುದಿಲ್ಲ ಎಂಬುದು ಅವರ ನಿಯಮ, ಬಾಡಿಗೆಯನ್ನು ಅವರೇ ಕೊಡುತ್ತಾರೆ. ಯಾರು ಬಂದರೆಂದು ನೋಡಲು ಬಾಗಿಲಲ್ಲಿ ಯಾರೂ ನಿಲ್ಲದಿದ್ದರೆ ಸಾಕು.