ಕಾರಿನ ಎ.ಸಿ. ಕೈಕೊಟ್ಟಾಗ

ತಂಪು ನಾಡಾದ ಮಲೆನಾಡಿನಲ್ಲಿ ಕಾರಿಗೆ ಎ.ಸಿ. ಏಕೆ ಎಂದು ಬಯಲುಸೀಮೆಯವರು ಕೇಳುವುದುಂಟು. ಆಷಾಢದ ಮಳೆಯಲ್ಲಿ ಕೊಪ್ಪದಿಂದ ಶೃಂಗೇರಿಗೆ ಕಾರಿನಲ್ಲಿ ಹೋದವರು ಹಾಗೆ ಕೇಳಲಾರರು. ಮಳೆ ಹೊಡೆತಕ್ಕೆ ಗಾಜು ಏರಿಸಲೇಬೇಕು. ಏರಿಸಿದರೆ ಒಳಗಿರುವವರ ಉಸಿರಿನ ತೇವ, ಒದ್ದೆ ಬಟ್ಟೆಯ ತೇವ ಸೇರಿ ಮುಂದಿನ ಗಾಜು ಮಬ್ಬಾಗುತ್ತದೆ. ತಿರುವಿನಲ್ಲಿ ಎದುರು ಬರುವ ಬಸ್ಸು ಕಾಣುವುದಿಲ್ಲ. ಎ.ಸಿ. ಗಾಳಿಯನ್ನು ತಂಪು ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಆ ಒಣ ಗಾಳಿ ತಾಗಿದರೆ ಗಾಜಿನ ಮಬ್ಬು ಬೇಗ ಹೋಗುತ್ತದೆ. ಹಾಗಾಗಿ ಇಲ್ಲಿ ಎ.ಸಿ. ಬರೀ ಶೋಕಿಯ ವಸ್ತುವಲ್ಲ.

ಅಂಗೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದೆಯಲ್ಲವೆ? ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಎ.ಸಿ.ಯ ಗುಟ್ಟೂ ಇದೇ. ಕಂಪ್ರೆಸರ್ ಅನಿಲವನ್ನು ಅದುಮುತ್ತದೆ. ಬಿಸಿಯಾದ ಅನಿಲ ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಕಿರಿದಾದ ವಾಲ್ವ್ ದಾಟಿದೊಡನೆ ಅದರ ಒತ್ತಡ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಒಳಗಿರುವ ಇವಾಪರೇಟರ್‌ನಲ್ಲಿ ಆವಿಯಾಗಿ ಶಾಖ ಹೀರುತ್ತದೆ. ಅಲ್ಲಿ ಗಾಳಿಯ ತೇವ ನೀರಾಗಿ ಕಾರಿನಡಿ ತೊಟ್ಟಿಕ್ಕುತ್ತದೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ನೀರು ಹೊರಬೀಳದೆ ಕಾಲಡಿಯ ಹಾಸು ಒದ್ದೆಯಾದರೆ ಮಾತ್ರ ನೀರು ಹೋಗುವ ಕೊಳವೆ ಕಟ್ಟಿದೆ ಎಂದು ತಿಳಿಯಬೇಕು.

ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಕಾರು ಒಯ್ಯುವ ಮೊದಲು ಮನೆಯಲ್ಲೇ ಕೆಲವನ್ನು ನೋಡಬಹುದು.

ಗಾಳಿಯೇ ಬರುತ್ತಿಲ್ಲವೆ? ಬ್ಲೋವರ್‌ನ ಫ್ಯೂಸ್ ನೋಡಿ. ಹಳೆಯ ಮಾದರಿಯ ಕಾರಿನಲ್ಲಿ ಗರಿಷ್ಠ ವೇಗದಲ್ಲಿ ಮಾತ್ರ ಗಾಳಿ ಬಂದರೆ ರೆಸಿಸ್ಟರ್ ಸುಟ್ಟಿರುವ ಸಂಭವ ಹೆಚ್ಚು. ಗಾಳಿ ಕ್ಷೀಣವಾಗಿದ್ದರೆ ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಹಲಸಿನ ಮರದಡಿ ಕಾರು ನಿಲ್ಲಿಸುವವರು ವೈಪರ್ ಬುಡದಲ್ಲಿ ಸೇರುವ ತರಗೆಲೆಯನ್ನು ಆಗಾಗ ತೆಗೆಯಬೇಕು.

ಗಾಳಿ ಇದೆ, ತಂಪಿಲ್ಲವೆ? ಗುಂಡಿ ಒತ್ತಿದಾಗ ಬಾನೆಟ್ ಕೆಳಗೆ 'ಟಕ್' ಎಂಬ ಸದ್ದು ಬರುತ್ತದೆಯೇ ಕೇಳಿ. ಕಂಪ್ರೆಸರ್ ಕ್ಲಚ್ ಕಚ್ಚಿಕೊಳ್ಳುವ ಸದ್ದು ಅದು. ಬಾರದಿದ್ದರೆ ಫ್ಯೂಸ್, ರಿಲೇ, ತಂತಿಗಳತ್ತ ಗಮನ ಕೊಡಿ. ನರಸಿಂಹರಾಜಪುರದ ಕಡೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕ ನಿಂತ ಕಾರಿನ ತಂತಿಯನ್ನು ಇಲಿ ಕಡಿದಿದ್ದರೆ ಆಶ್ಚರ್ಯವಿಲ್ಲ. ಅನಿಲ ಕಡಿಮೆಯಾದಾಗಲೂ ಸುರಕ್ಷತಾ ಸ್ವಿಚ್ ಕಂಪ್ರೆಸರ್ ಓಡಲು ಬಿಡುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಕ್ಲಚ್ಚೇ ಇರುವುದಿಲ್ಲವಾದ್ದರಿಂದ ಈ ಸದ್ದೂ ಇರುವುದಿಲ್ಲ.

ಓಡುವಾಗ ತಂಪು, ನಿಂತಾಗ ಬಿಸಿಯೆ? ಕಂಡೆನ್ಸರ್‌ನ ಫ್ಯಾನ್ ತಿರುಗುತ್ತಿಲ್ಲ, ಇಲ್ಲವೆ ಅದರ ಸಂದಿಗಳಲ್ಲಿ ಕೆಸರು ತುಂಬಿದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಏರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್‌ಗೆ ಬಲ ಉಳಿಸಲು ಕಂಪ್ರೆಸರ್ ಕ್ಷಣಕಾಲ ನಿಲ್ಲುವುದುಂಟು, ಅದು ದೋಷವಲ್ಲ.

ಎ.ಸಿ.ಯ ಅನಿಲ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ರಬ್ಬರ್ ಕೊಳವೆ, ಸೀಲುಗಳಿಂದ ವರ್ಷಗಳು ಕಳೆದಂತೆ ಅಲ್ಪಸ್ವಲ್ಪ ಜಾರುವುದು ಸಹಜ. ಆದರೆ ಪ್ರತಿ ಬೇಸಿಗೆಯಲ್ಲೂ ತುಂಬಿಸಬೇಕಾದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದರೆ ಹಣವೂ ಹಾಳು, ಗಾಳಿಯೂ ಹಾಳು. ಓಜೋನ್ ಪದರಕ್ಕೆ ಕುತ್ತಾಗಿದ್ದ ಆರ್-12 ಅನಿಲ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಮರೆಯಾಯಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನ್‌ಗೆ ಕೇಡು ಮಾಡದು. ಆದರೆ 100 ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಇಂಥ ಅನಿಲಗಳನ್ನು ತಗ್ಗಿಸಲೆಂದೇ 2016ರಲ್ಲಿ ಕಿಗಾಲಿ ತಿದ್ದುಪಡಿಯಾಯಿತು.

ಒಂದು ಎಚ್ಚರಿಕೆ: ಎ.ಸಿ.ಯ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಬಾರದು. ಆರ್-134ಎ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಚರ್ಮಕ್ಕೆ, ಕಣ್ಣಿಗೆ ಚಿಮ್ಮಿದರೆ ಅಪಾಯ. ಎಂಜಿನ್ ಆರಿಸದೆ ಬೆಲ್ಟ್, ಫ್ಯಾನಿನ ಹತ್ತಿರ ಕೈ ಹಾಕಬಾರದು.

ಮೆಕ್ಯಾನಿಕ್ ಬಳಿ ಹೋದಾಗ ಮೊದಲು ಕೇಳಬೇಕಾದ್ದು 'ಗ್ಯಾಸ್ ತುಂಬಲು ಎಷ್ಟು?' ಎಂದಲ್ಲ, 'ಇದ್ದ ಗ್ಯಾಸ್ ಎಲ್ಲಿ ಹೋಯಿತು?' ಎಂದು. ಸೋರಿಕೆ ಪತ್ತೆ ಮಾಡಿ, ವ್ಯಾಕ್ಯೂಮ್ ಮಾಡಿ, ಬಾನೆಟ್ ಒಳಗಿನ ಚೀಟಿಯಲ್ಲಿ ನಮೂದಿಸಿದ ಅನಿಲವನ್ನೇ ಗ್ರಾಂ ಲೆಕ್ಕದಲ್ಲಿ ತುಂಬುವವರು ಬಲ್ಲವರು.