ಮರುಎಣಿಕೆ: ಖರ್ಚಿಗಿಂತ ನಂಬಿಕೆ ದೊಡ್ಡದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕನಕಗಿರಿ: ಕೊಪ್ಪಳ ಜಿಲ್ಲೆಯಲ್ಲಿರುವುದು ಐದು ವಿಧಾನಸಭಾ ಕ್ಷೇತ್ರಗಳು. ಸುಪ್ರೀಂ ಕೋರ್ಟ್‌ನ 2019ರ ಆದೇಶದಂತೆ ಕ್ಷೇತ್ರಕ್ಕೆ ಐದು ಮತಖಾತ್ರಿ ಯಂತ್ರಗಳ (ವಿವಿಪ್ಯಾಟ್) ಚೀಟಿಗಳನ್ನು ಎಣಿಸಬೇಕು. ಅಂದರೆ ಇಡೀ ಜಿಲ್ಲೆಗೆ ಬರೀ 25 ಯಂತ್ರ.

ಇದಕ್ಕಿಂತ ಹೆಚ್ಚಿನ ಪರಿಶೀಲನೆಗೆ ಅದೇ ಕೋರ್ಟಿನ 2024ರ ಏಪ್ರಿಲ್ 26ರ ತೀರ್ಪು ದಾರಿ ತೆರೆಯಿತು. ಎರಡನೇ, ಮೂರನೇ ಸ್ಥಾನ ಪಡೆದವರು ಫಲಿತಾಂಶದ ಏಳು ದಿನದೊಳಗೆ ಕೋರಿದರೆ, ಕ್ಷೇತ್ರದ ಶೇ 5ರಷ್ಟು ಯಂತ್ರಗಳ ತಪಾಸಣೆಯಾಗಬೇಕು. ವೆಚ್ಚ ಅಭ್ಯರ್ಥಿಯದು; ಯಂತ್ರ ತಿರುಚಿದ್ದು ಸಾಬೀತಾದರೆ ಹಣ ವಾಪಸ್. ಚುನಾವಣಾ ಆಯೋಗ ಮೊದಲು ನಿಗದಿಪಡಿಸಿದ್ದ ಶುಲ್ಕ, ಜಿಎಸ್‌ಟಿ ಸೇರಿ ಯಂತ್ರಕ್ಕೆ ₹47,200. ಉದಾಹರಣೆಗೆ, ಹನ್ನೆರಡು ಯಂತ್ರಗಳಿಗೆ ಐದೂವರೆ ಲಕ್ಷ ದಾಟುತ್ತಿತ್ತು. ಇದು ದುಬಾರಿ ಎಂದು 2025ರ ಫೆಬ್ರುವರಿಯಲ್ಲಿ ಕೋರ್ಟೇ ಹೇಳಿತು. ಕೈ ಖಾಲಿಯಿರುವ ಅಭ್ಯರ್ಥಿಗೆ ಎಟುಕದ ಹಕ್ಕು ಹಕ್ಕೇ ಅಲ್ಲ.

ಒಂದೊಂದು ಮತದ ಬೆಲೆ ನಮ್ಮ ರಾಜ್ಯಕ್ಕೆ ಹೊಸದಾಗಿ ಕಲಿಸಬೇಕಿಲ್ಲ. 2004ರಲ್ಲಿ ಸಂತೇಮರಹಳ್ಳಿಯ ಫಲಿತಾಂಶ ಒಂದೇ ಮತದಿಂದ ನಿರ್ಧಾರವಾಯಿತು. 2023ರಲ್ಲಿ ಜಯನಗರದ ಅಂತರ 16, ಮಾಲೂರಿನದು 248. ಮಾಲೂರಿನ ಮರುಎಣಿಕೆಗೆ ಹೈಕೋರ್ಟ್ ಆದೇಶಿಸಿದ್ದು ಎರಡು ವರ್ಷಗಳ ಬಳಿಕ, 2025ರ ಸೆಪ್ಟೆಂಬರ್‌ನಲ್ಲಿ. ತಡವಾದ ಎಣಿಕೆಯೇ ಎಲ್ಲಕ್ಕಿಂತ ದುಬಾರಿ.

ಆದ್ದರಿಂದ ಅಂತರ ತೀರಾ ಕಡಿಮೆಯಿದ್ದಲ್ಲಿ ಚೀಟಿಗಳ ಪೂರ್ಣ ಎಣಿಕೆ ಸರ್ಕಾರಿ ಖರ್ಚಿನಲ್ಲೇ, ಆಗಲೇ ನಡೆಯಲಿ. ಭದ್ರತಾ ಕೊಠಡಿ, ಕಾವಲು, ತಪಾಸಣೆಗೆ ಆಗುವ ವೆಚ್ಚವನ್ನು ಪ್ರತಿ ಜಿಲ್ಲಾಡಳಿತ ಬಹಿರಂಗಪಡಿಸಲಿ. ಬಿಸಿಲಲ್ಲಿ ಸಾಲು ನಿಂತ ಮತದಾರನಿಗೆ ಪ್ರಜಾಪ್ರಭುತ್ವ ಅಷ್ಟಾದರೂ ಲೆಕ್ಕ ಕೊಡಬೇಕು.